ವಾಲಿ ನಿಂತ ಗಾಡಿ

ಗಾಡಿ ಇನ್ನೂ ನಮ್ಮ ಬೀದಿಯ ತಿರುವಿನಲ್ಲಿರುವಾಗಲೇ ಅದು ಎಣ್ಣೆ ಸುಡುತ್ತಿದೆ ಎಂದು ನನ್ನ ಮೂಗಿಗೆ ಗೊತ್ತಾಗಿತ್ತು. ಹೀಗೆಂದರೆ ನನ್ನ ಹೆಂಡತಿ ಈಗಲೂ ನಗುತ್ತಾಳೆ. "ಮನೇಲಿ ಸಾರು ಸೀದ್ರೆ ಮಾತ್ರ ಗೊತ್ತಾಗಾಕಿಲ್ಲ ನಿಮ್ ಮೂಗ್ಗೆ" ಎನ್ನುತ್ತಾಳೆ. ನಗಲಿ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಮಳವಳ್ಳಿಯ ಒಂದು ಗ್ಯಾರೇಜಿಗೆ ಸೇರಿದವನು ನಾನು. ಅಂದಿನಿಂದ ಇಂದಿನವರೆಗೆ ಕಣ್ಣು, ಕಿವಿ, ಮೂಗುಗಳನ್ನೇ ನಂಬಿ ಅನ್ನ ತಿಂದಿದ್ದೇನೆ. ನನ್ನ ಕೆಲಸ ನನಗೆ ಗೊತ್ತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮದ್ದೂರಿನ ಹಳೆಯ ರಸ್ತೆಯಿಂದ ಸ್ವಲ್ಪ ಒಳಗೆ ನನ್ನ ಶೆಡ್ಡು. ಹೊಸ ಹೆದ್ದಾರಿ ಬಂದ ಮೇಲೆ ಕಾರುಗಳೆಲ್ಲ ಊರನ್ನು ಬಿಟ್ಟು ಆಚೆಯಿಂದಲೇ ಹಾರಿಹೋಗುತ್ತವೆ. ನನಗೆ ಅದರಿಂದ ನಷ್ಟವಿಲ್ಲ. ಹಾಲಿನ ಕ್ಯಾನು ಹೊರುವ ಗಾಡಿ, ಹುಲ್ಲಿನ ಹೊರೆ ಹೊರುವ ಗಾಡಿ, ಗಂಡ ಹೆಂಡತಿ ಇಬ್ಬರು ಮಕ್ಕಳು ಒಂದು ಕುರಿಮರಿ ಎಲ್ಲವನ್ನೂ ಒಟ್ಟಿಗೆ ಹೊರುವ ಗಾಡಿ, ಇವು ಯಾವುವೂ ಹೆದ್ದಾರಿಗೆ ಹತ್ತುವುದಿಲ್ಲ. ಇವೇ ನನ್ನ ಗಿರಾಕಿಗಳು. ಆದರೆ ಅವತ್ತು ಬೆಳಗ್ಗೆ ಬಂದದ್ದು ಆ ಜಾತಿಯದಲ್ಲ. ಎತ್ತರದ ಸೀಟು, ಮುಳ್ಳುಮುಳ್ಳು ಟೈರು, ಮೂತಿ ಮೇಲಕ್ಕೆತ್ತಿದ ಮಡ್ಗಾರ್ಡು. ಮಣ್ಣಿನ ರೇಸಿನಲ್ಲಿ ಓಡಿಸುವ ಗಾಡಿ. ಅದರ ಹಿಂದೆ, ಗಣೇಶನ ಮೆರವಣಿಗೆಗೆ ಪಟಾಕಿ ಹೊಡೆದಂತೆ, ನೀಲಿ ಹೊಗೆ.

ಹೆಲ್ಮೆಟ್ ತೆಗೆದರೆ ಹೊಳಲಿನ ಹುಡುಗಿ.

ಹೊಳಲು ನನ್ನ ಹೆಂಡತಿಯ ತವರೂರು. ಆ ಊರಿಗೆ ನಾನು ಅಳಿಯ. ರಕ್ತಸಂಬಂಧ ಇರಲಿ ಬಿಡಲಿ, ಅಲ್ಲಿನ ಹಿರಿಯ ಹೆಂಗಸರೆಲ್ಲ ನನಗೆ ಅತ್ತೆಯರು, ಅವರ ಹೆಣ್ಣುಮಕ್ಕಳೆಲ್ಲ ನಾದಿನಿಯರು. ಈ ಹುಡುಗಿಯ ತಾಯಿ ಗಂಡ ತೀರಿದ ಮೇಲೆ ಆಲೆಮನೆಯನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ಕಬ್ಬು ಅರೆದು ಬೆಲ್ಲ ಕಾಯಿಸುವ ಕೆಲಸ ಗಂಡಸರಿಗೇ ಸಾಕುಬೇಕು ಎನಿಸುತ್ತದೆ. ಆ ಹೆಂಗಸು ಕೊಪ್ಪರಿಗೆಯ ಮುಂದೆ ನಿಂತರೆ ಒಲೆಗೆ ರಚ್ಚು, ಅಂದರೆ ಒಣಗಿದ ಕಬ್ಬಿನ ಸಿಪ್ಪೆ, ಹಾಕುವ ಆಳು ಬೀಡಿ ಹಚ್ಚಲಿಕ್ಕೂ ಹೆದರುತ್ತಿದ್ದ. ಮಗಳು ಊರಿನ ಹಾಲಿನ ಡೈರಿಯಲ್ಲಿ ಕೆಲಸ ಮಾಡಿಕೊಂಡು, ತನ್ನ ಸಂಪಾದನೆಯಿಂದಲೇ ಈ ಗಾಡಿಯನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಂದಿದ್ದಳು.

"ಬಾವ, ಬರೋ ಭಾನ್ವಾರ ನಿಡಘಟ್ಟದ ಅತ್ರ ರೇಸದೆ" ಎಂದಳು ಗಾಡಿಯಿಂದ ಇಳಿಯುವ ಮೊದಲೇ. "ಒಗೆ ಬಿಡೋ ಗಾಡಿನ ಗೆರೆ ಒಳಿಕೇ ಬಿಡಾಕಿಲ್ವಂತೆ. ಮೊದ್ಲೇ ನಿಲ್ಸಿ ಚೆಕ್ ಮಾಡ್ತಾರಂತೆ."

"ಮಂಡ್ಯದಲ್ಲಿ ತೋರುಸ್ಲಿಲ್ವಾ?"

"ತೋರಿಸ್ದೆ. ಪಿಸ್ಟನ್ ರಿಂಗು ಓಗದೆ, ಬ್ಲಾಕ್ ಇಳಿಸ್ಬೇಕು, ಬೋರ್ ಒಡಿಸ್ಬೇಕು, ವಾರ ಇಡಿಯುತ್ತೆ ಅಂದ್ರು."

"ಮತ್ತೆ ಮುಂದಿನ ರೇಸಿಗೆ ಓಗು. ಊರು ಓಡೋಗ್ತದಾ?"

ಆಗ ಅವಳ ಮುಖ ಇಳಿಯಿತು. ಸಂಗತಿ ಹೀಗಿತ್ತು. ಗಾಡಿ ಮನೆಗೆ ಬಂದ ದಿನ ತಾಯಿ ರಂಪ ಮಾಡಿದ್ದಳು. ಕೈಕಾಲು ಮುರಿದುಕೊಂಡು ಮೂಲೆಗೆ ಬಿದ್ದರೆ ನೋಡುವವರು ಯಾರು, ಆ ದರಿದ್ರದ ಮುಖ ನಾನು ನೋಡುವುದಿಲ್ಲ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದಳು. ಕೊನೆಗೆ ಉರಿಯುವ ಆಲೆಮನೆ ಒಲೆಯ ಮುಂದೆ ಮಗಳ ಕೈಯಲ್ಲಿ ಆಣೆ ಮಾಡಿಸಿದ್ದಳು: ಒಂದೇ ಒಂದು ಸಲ ಇಂಜಿನ್ ಬಿಚ್ಚುವ ಹಾಗಾದರೂ ಸರಿ, ಅವತ್ತೇ ಗಾಡಿ ಮಾರಿಬಿಡಬೇಕು. ನಮ್ಮ ಕಡೆ ಆಲೆಮನೆ ಒಲೆಯ ಮುಂದೆ ಆಡಿದ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

"ಬಿಚ್ಚೋದು ಅಂತ ನೀವೂ ಅಂದ್ರೆ ಮುಗೀತು ಬಾವ" ಎಂದಳು. "ಆಣೆ ಮುರಿಯಾಕಿಲ್ಲ ನಾನು."

"ಮೊದ್ಲು ಟೀ ಕುಡಿ" ಎಂದೆ. ನನ್ನ ಹೆಂಡತಿ ಒಳಗಿನಿಂದ ಲೋಟ ತಂದು ಕೊಟ್ಟಳು. ತವರಿನವರು ಬಂದರೆ ಟೀಗೆ ಹಾಲು ಜಾಸ್ತಿ. ನನಗೆ ಕೊಟ್ಟ ಲೋಟದಲ್ಲಿ ಆ ಭಾಗ್ಯವಿರಲಿಲ್ಲ.

ಹೊಗೆ ಎಂದರೆ ಎಲ್ಲವೂ ಒಂದೇ ಅಲ್ಲ. ಚಳಿಗಾಲದ ಬೆಳಗ್ಗೆ ಸೈಲೆನ್ಸರಿನಿಂದ ಬೆಳ್ಳಗೆ ಬಂದು ಮಾಯವಾಗುವುದು ಬರೀ ಹಬೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಅದಕ್ಕೆ ಹೆದರಿ ಬರುವವರನ್ನು ನಾನು ಬಯ್ದು ವಾಪಸು ಕಳಿಸುತ್ತೇನೆ. ಹೊಗೆ ಕರ್ರಗಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಮ್ಮಿ. ಫಿಲ್ಟರ್ ಒದರಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ನೀಲಿ ಹೊಗೆಯೇ ಕಷ್ಟದ್ದು. ಬಾಣಲೆಯಲ್ಲಿ ಒಗ್ಗರಣೆ ಮರೆತು ಹೊರಗೆ ಹೋದ ಮನೆಯ ವಾಸನೆ ಅದಕ್ಕಿರುತ್ತದೆ. ಇಂಜಿನ್ನಿನ ಎಣ್ಣೆ ಪೆಟ್ರೋಲಿನ ಜೊತೆ ಸುಡುತ್ತಿದೆ ಎಂದರ್ಥ. ಎಣ್ಣೆ ಅಲ್ಲಿಗೆ ಹೇಗೆ ಹೋಯಿತು ಎನ್ನುವುದನ್ನು ಹುಡುಕಬೇಕು. ರಿಂಗು ಸವೆದಿದ್ದರೆ ಕೆಳಗಿನಿಂದ ಏರುತ್ತದೆ, ವಾಲ್ವಿನ ಸೀಲು ಹೋಗಿದ್ದರೆ ಮೇಲಿನಿಂದ ಇಳಿಯುತ್ತದೆ. ಮಂಡ್ಯದವರು ರಿಂಗು ಎಂದದ್ದರಲ್ಲಿ ತಪ್ಪೇನಿಲ್ಲ. ಹತ್ತು ಗಾಡಿಯಲ್ಲಿ ಒಂಬತ್ತಕ್ಕೆ ನಾನೂ ಅದನ್ನೇ ಹೇಳುತ್ತೇನೆ.

ಪ್ಲಗ್ ಬಿಚ್ಚಿದೆ. ತುದಿ ಎಣ್ಣೆಯಲ್ಲಿ ಅದ್ದಿ ತೆಗೆದಂತಿತ್ತು. ಆ ತೂತಿಗೇ ಮೀಟರ್ ಹಾಕಿ ಇಂಜಿನ್ ತಿರುಗಿಸಿ ಒಳಗಿನ ಒತ್ತಡ ನೋಡಿದೆ. ಮುಳ್ಳು ಗಟ್ಟಿಯಾಗಿ ಮೇಲೆ ಹೋಗಿ ಅಲ್ಲೇ ನಿಂತಿತು. ಮತ್ತೊಂದು ಸಲವೂ ಹಾಗೆಯೇ. ರಿಂಗು ಸವೆದ ಇಂಜಿನ್ನಿಗೆ ಅಷ್ಟು ಉಸಿರು ಇರುವುದಿಲ್ಲ. ಏರ್ ಫಿಲ್ಟರಿನ ಡಬ್ಬಿ ತೆಗೆದರೆ ಒಳಗೆ ಎಣ್ಣೆ ಕೊಳಕೊಳ ಎನ್ನುತ್ತಿತ್ತು. ಗಾಳಿ ಹೋಗುವ ದಾರಿಯಲ್ಲಿ ಎಣ್ಣೆಗೇನು ಕೆಲಸ?

ಇಲ್ಲಿ ನಾನು ಮಳವಳ್ಳಿಯ ನನ್ನ ಮೇಸ್ತ್ರಿಯನ್ನು ನೆನೆಯಲೇಬೇಕು. ಅವರು ಈಗಿಲ್ಲ. ಬಾಯಿ ಬಿಟ್ಟರೆ ಬೈಗುಳ, ಕೈಗೆ ಸಿಕ್ಕಿದ ಸ್ಪ್ಯಾನರಿನಿಂದಲೇ ಏಟು. ಆದರೂ ದಿನಾ ನನ್ನ ಅವ್ವ ಕಟ್ಟಿಕೊಟ್ಟ ಮುದ್ದೆಯನ್ನು ಕದ್ದು ತಿಂದು, ತಮ್ಮ ಮನೆಯ ಅನ್ನವನ್ನು ನನಗೆ ಕೊಡುತ್ತಿದ್ದರು. ಅವರದು ಒಂದು ಕಟ್ಟುಪಾಡು ಇತ್ತು. "ಇಂಜಿನ್ ಬಿಚ್ಚೋಕ್ ಮುಂಚೆ ಎಣ್ಣೆ ಬಿಚ್ಚಲಾ. ಎಣ್ಣೆ ಸುಳ್ಳೇಳಾಕಿಲ್ಲ. ಗಾಡಿ ತಂದವ್ನು ಏಳ್ತಾನೆ." ಎಷ್ಟೇ ಗೊತ್ತಿರುವ ಕಾಯಿಲೆಯಾದರೂ ಸರಿ, ಮೊದಲು ಎಣ್ಣೆ ಇಳಿಸಿ, ಬೆರಳಲ್ಲಿ ತಿಕ್ಕಿ, ಮೂಸಿ ನೋಡಿದ ಮೇಲೆಯೇ ಸ್ಪ್ಯಾನರ್ ಎತ್ತಬೇಕು. ಆ ಅಭ್ಯಾಸ ನನ್ನ ಕೈಯಲ್ಲಿ ಉಳಿದದ್ದಕ್ಕೆ ನಾನು ಎಷ್ಟು ಸಲ ಅವರಿಗೆ ಮನಸ್ಸಿನಲ್ಲೇ ಕೈಮುಗಿದಿದ್ದೇನೋ ಲೆಕ್ಕವಿಲ್ಲ. ಅವತ್ತೂ ಮುಗಿದೆ.

ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಇಂಜಿನ್ನಿನ ಬಲಗಡೆಯ ಪುಟ್ಟ ಗಾಜಿನ ಕಿಟಕಿ ನೋಡಿದೆ. ಎಣ್ಣೆ ಆ ಗಾಜಿನ ಅರ್ಧಕ್ಕೆ ಒಂದು ಗೆರೆಯಂತೆ ಕಾಣಬೇಕು. ಗೆರೆಯೇ ಇಲ್ಲ. ಗಾಜು ತುಂಬ ಕಪ್ಪು. ಕೆಳಗೆ ಬೋಗುಣಿ ಇಟ್ಟು ಬೋಲ್ಟು ಬಿಚ್ಚಿದೆ. ಬಂತು, ಬಂತು, ಬರುತ್ತಲೇ ಇತ್ತು. ಬೋಗುಣಿ ತುಂಬಿ ಇನ್ನೊಂದು ಡಬ್ಬ ಹುಡುಕಬೇಕಾಯಿತು. ಬೆರಳಲ್ಲಿ ತಿಕ್ಕಿದರೆ ಬೈಕಿನ ಎಣ್ಣೆಯ ನುಣುಪಲ್ಲ, ದಪ್ಪ. ಡೀಸೆಲ್ ಇಂಜಿನ್ನಿಗೆ ಹಾಕುವ ಎಣ್ಣೆಯ ವಾಸನೆ.

"ಏನವ್ವಾ, ಎಣ್ಣೆ ಉಯ್ದಿದ್ದೀಯಾ ಇದಕ್ಕೆ?"

"ಇಲ್ಲ ಬಾವ! ಮಂಡ್ಯದಲ್ಲಿ ಸರ್ವೀಸ್ ಮಾಡ್ಸಿದ್ದು, ಅಷ್ಟೇ. ಮುಚ್ಚಳ ಕೂಡ ಮುಟ್ಟಿಲ್ಲ."

ಸುಳ್ಳು ಹೇಳುವ ಮುಖ ಅದಲ್ಲ. ಸಂಜೆ ಡೈರಿಗೆ ಹೋಗಬೇಕೆಂದು ಅವಳು ಗಾಡಿ ಬಿಟ್ಟು ಬಸ್ಸು ಹತ್ತಿದಳು.

ಮಾರನೆಯ ದಿನ ಅವಳ ತಾಯಿಯೇ ಬಂದಳು. ನನ್ನ ಹೆಂಡತಿಗೆಂದು ಅಚ್ಚುಬೆಲ್ಲದ ಗಂಟು ತಂದಿದ್ದಳು. ಬೆಲ್ಲ ಕೊಡಲಿಕ್ಕಾಗಿ ಹೊಳಲಿನಿಂದ ಮದ್ದೂರಿಗೆ ಯಾರೂ ಬಸ್ಸು ಹತ್ತುವುದಿಲ್ಲ. ಹೆಂಡತಿ ಅಡುಗೆಮನೆಗೆ ಹೋದ ಕೂಡಲೇ ಅತ್ತೆ ಶೆಡ್ಡಿನ ಬಾಗಿಲಲ್ಲಿ ನಿಂತಳು. ಗಾಡಿಯ ಕಡೆ ಮಾತ್ರ ನೋಡಲಿಲ್ಲ. ಗೋಡೆಯ ಮೇಲಿನ ಟೈರು ಕಂಪನಿಯ ಕ್ಯಾಲೆಂಡರನ್ನೇ ನೋಡುತ್ತಾ ಕೇಳಿದಳು.

"ಸತ್ತೋಯ್ತಾ ಅಳಿಮಯ್ಯ?"

"ಯಾವುದತ್ತೆ?"

"ಅದೇ, ಆ ಕುದ್ರೆ."

"ಸತ್ತಿಲ್ಲ. ಜಾಸ್ತಿ ಉಂಡು ಒಟ್ಟೆ ಉಬ್ಬರಿಸ್ಕಂಡದೆ."

"ಏನ್ ಉಂಡದೆ?"

"ಎಣ್ಣೆ."

ಅತ್ತೆ ಕ್ಯಾಲೆಂಡರ್ ಬಿಟ್ಟು ನನ್ನ ಕಡೆ ತಿರುಗಿದಳು. "ಎಣ್ಣೆ ಜಾಸ್ತಿ ಆದ್ರೆ ಏನಾಯ್ತದೆ? ಕಮ್ಮಿ ಆದ್ರೆ ತಾನೆ ಇಂಜಿನ್ನು ಇಡ್ಕಳದು? ನಮ್ ಗಾಣದ ಇಂಜಿನ್ನಿಗೆ ದಿನಾ ಬೆಳಗ್ಗೆ ಉಯ್ತೀವಲ್ಲ!"

ಅವರ ಆಲೆಮನೆಯಲ್ಲಿ ಕರೆಂಟು ಹೋದಾಗ ಗಾಣ ತಿರುಗಿಸಲು ಒಂದು ಹಳೆಯ ಡೀಸೆಲ್ ಇಂಜಿನ್ನಿದೆ. ಎಣ್ಣೆ ಕುಡಿಯುವುದರಲ್ಲಿ ಅದು ರಾಕ್ಷಸ. ಅತ್ತೆ ದಿನಾ ಅದಕ್ಕೆ ಗೆರೆಮಟ್ಟ ಎಣ್ಣೆ ಹಾಕಿ, ಮೇಲೊಂದಿಷ್ಟು ಕೊಸರು ಸುರಿಯುತ್ತಾಳೆ. ಸಂತೆಯಲ್ಲಿ ಸೇರು ಅಳೆದ ಮೇಲೆ ಮೇಲೊಂದು ಹಿಡಿ ಹಾಕಿದರೇ ಅಳತೆ ಎನ್ನುವ ಊರು ನಮ್ಮದು. ಹಾಕದಿದ್ದರೆ ಜಗಳ. ನನಗೆ ಆಗಲೇ ಎಲ್ಲವೂ ತಿಳಿಯಿತು. ಆದರೆ ಬಾಯಿ ಬಿಟ್ಟು ಹೇಳಲು ಹೋಗಲಿಲ್ಲ.

"ಅತ್ತೆ, ಕೊಪ್ಪರಿಗೆಗೆ ಕಂಠಮಟ್ಟ ಕಬ್ಬಿನಾಲು ಉಯ್ದು ಉರಿ ಆಕುದ್ರೆ ಏನಾಯ್ತದೆ?"

"ಉಕ್ಕಿ ಒಲೆಗ್ ಬೀಳ್ತದೆ."

"ಆಮೇಲೆ?"

"ಆಮೇಲೇನು, ಊರೆಲ್ಲ ಒಗೆ" ಎಂದವಳ ಕಣ್ಣು ಬೋಗುಣಿಯಲ್ಲಿದ್ದ ಕಪ್ಪು ಎಣ್ಣೆಯ ಮೇಲೆ ಬಿತ್ತು. ಅವಳಿಗೆ ರೋಷ ಬಂತು. "ಗಾಜಲ್ಲಿ ಕಾಣ್ತಿರ್ನಿಲ್ವಲ್ಲ ಮತ್ತೆ! ದಿನಾ ನೋಡುದ್ರೂವೆ ಗಾಜು ಬರಿದು! ಉಯ್ದೇ ಇನ್ನೇನು ಮಾಡ್ಲಿ?"

ನಾನು ಗಾಡಿಯನ್ನು ಸೈಡ್ ಸ್ಟ್ಯಾಂಡಿಗೆ ಹಾಕಿದೆ. ಅತ್ತೆ ಬರುವ ಮೊದಲೇ ಹೊಸ ಎಣ್ಣೆಯನ್ನು ಸರಿಯಾದ ಅಳತೆಗೆ ತುಂಬಿಸಿದ್ದೆ. "ಈಗ ನೋಡಿ" ಎಂದೆ. ಅವಳು ಮೊದಲ ಸಲ ನನ್ನೆದುರಿಗೆ ಆ ಗಾಡಿಯ ಮುಖ ನೋಡಿದಳು. ಗಾಜು ಖಾಲಿ ಕಂಡಿತು. ಆಮೇಲೆ ಹ್ಯಾಂಡಲ್ ಹಿಡಿದು ಗಾಡಿಯನ್ನು ನೆಟ್ಟಗೆ ಎತ್ತಿದೆ. ಎಣ್ಣೆ ಮೆಲ್ಲಗೆ ಹರಿದು ಬಂದು ಗಾಜಿನ ಅರ್ಧಕ್ಕೆ ನಿಂತಿತು. ಸ್ಟ್ಯಾಂಡಿನ ಮೇಲೆ ಗಾಡಿ ಎಡಕ್ಕೆ ವಾಲುತ್ತದೆ, ಎಣ್ಣೆಯೂ ಎಡಕ್ಕೆ ಓಡುತ್ತದೆ, ಬಲಗಡೆಯ ಕಿಟಕಿ ಬರಿದಾಗಿ ಕಾಣುತ್ತದೆ. ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಇಂಜಿನ್ನನ್ನು ಇಷ್ಟು ವರ್ಷ ಸಾಕಿದವಳಿಗೆ ವಾಲಿ ನಿಲ್ಲುವ ಇಂಜಿನ್ನಿನ ಸುದ್ದಿ ಯಾರು ಹೇಳಬೇಕಿತ್ತು?

"ಅಯ್ಯೋ ನನ್ ಮನೆ ಆಳಾಗ" ಎಂದು ಅತ್ತೆ ಟೈರಿನ ಮೇಲೆ ಕುಳಿತಳು. "ಬೆಳಗ್ಗೆ ಅವಳು ಏಳೋಕ್ ಮುಂಚೆ ವಸಿ ವಸಿ ಉಯ್ತಿದ್ದೆ. ಬೀಳೋದು ಎಂಗೂ ಬೀಳ್ತಾಳೆ, ಮಾತು ಕೇಳಾಕಿಲ್ಲ. ಇಂಜಿನ್ನಾದ್ರೂ ದಾರೀಲಿ ಕೈ ಕೊಡ್ದೇ ಇರ್ಲಿ ಅಂತ."

ನಾನು ಕೈ ಒರೆಸಿಕೊಂಡೆ. ಅವಳೇ ಮತ್ತೆ ಕೇಳಿದಳು.

"ಇಂಜಿನ್ ಬಿಚ್ಬೇಕಾ?"

ಆ ಕ್ಷಣ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಮಾತು ಸಾಕಾಗಿತ್ತು. ಮಂಡ್ಯದವರು ಬಿಚ್ಚಬೇಕು ಎಂದಾಗಿತ್ತು, ನಾನೂ ತಲೆಯಾಡಿಸಿದರೆ ಆಣೆಯ ಪ್ರಕಾರ ಗಾಡಿ ಮಾರಾಟವಾಗುತ್ತಿತ್ತು, ಅವಳು ಬೀದಿಗೆ ಕೇಳುವಂತೆ ಕೂಗಿದ್ದ ಆಸೆ ಪೂರೈಸುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಮಂಡ್ಯದವ್ರು ಬಿಚ್ಚು ಅಂದವ್ರೆ" ಎಂದೆ. "ನೀವ್ ಏನಂತೀರಿ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಗಾಡಿಯನ್ನು ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ, ಕರು ಕೊಳ್ಳಲು ಬಂದವಳಂತೆ ನೋಡಿದಳು.

"ಕೆಟ್ಟಿಲ್ದೇ ಇರೋದ್ನ ಯಾಕ್ ಬಿಚ್ತೀರ? ಕೆಲ್ಸ ಇಲ್ವಾ ನಿಮ್ಗೆ?" ಎಂದಳು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ, "ಅವಳಿಗ್ ಏಳ್ಬ್ಯಾಡಿ. ಆ ಗಾಡಿ ಮುಖ ನೋಡಾಕಿಲ್ಲ ಅಂತ ಊರಿಗೆಲ್ಲ ಏಳ್ಕಂಡು ಬಂದಿವ್ನಿ" ಎಂದು ಸೇರಿಸಿದಳು.

ಮಿಕ್ಕ ಕೆಲಸ ನನ್ನದು. ಎಣ್ಣೆ ಹೆಚ್ಚಾದಾಗ ಒಳಗಿನ ಕ್ರ್ಯಾಂಕು ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು, ಉಸಿರಾಡುವ ಪೈಪಿನಿಂದ ಫಿಲ್ಟರಿನ ಡಬ್ಬಿಗೆ ಕಾರಿತ್ತು. ಅಲ್ಲಿಂದ ಗಾಳಿಯ ಜೊತೆ ಒಳಗೆ ಹೋಗಿ ಸುಡುತ್ತಿತ್ತು. ಡಬ್ಬಿ ತೊಳೆದೆ, ಪೈಪು ಊದಿದೆ, ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸಿದೆ, ಪ್ಲಗ್ ಹೊಸದು ಹಾಕಿದೆ. ಸ್ಟಾರ್ಟ್ ಮಾಡಿದರೆ ಮತ್ತೆ ನೀಲಿ ಹೊಗೆ! ಹೆಂಡತಿ ಕಿಟಕಿ ಮುಚ್ಚಿಕೊಂಡಳು. ನಾನು ಹೆದರಲಿಲ್ಲ. ಸೈಲೆನ್ಸರಿನ ಹೊಟ್ಟೆಯಲ್ಲಿ ಕೂತಿದ್ದ ಹಳೆಯ ಎಣ್ಣೆ ಸುಟ್ಟು ಹೋಗುವವರೆಗೂ ಹೊಗೆ ಬಂದೇ ಬರುತ್ತದೆ. ಗಾಡಿ ಹತ್ತಿ ಶಿಂಷಾ ದಡದ ಮಣ್ಣುದಾರಿಯಲ್ಲಿ ಹೋದೆ. ಎಮ್ಮೆ ತೊಳೆಯುತ್ತಿದ್ದವನೊಬ್ಬ "ಯಾವ್ ವಯಸ್ಸಲ್ಲಿ ಏನಣ್ಣೋ ಇದು!" ಎಂದು ಕೂಗಿದ. ಹೋಗಿ ತಿರುಗಿ ಬರುವಷ್ಟರಲ್ಲಿ ಹೊಗೆ ತೆಳ್ಳಗಾಯಿತು, ಆಮೇಲೆ ಎಳೆಯಾಯಿತು, ಆಮೇಲೆ ಇಲ್ಲ. ಗಾಡಿ ನಿಲ್ಲಿಸಿ, ಇಂಜಿನ್ ಓಡಲು ಬಿಟ್ಟು, ಹಿಂದೆ ಹೋಗಿ ಸೈಲೆನ್ಸರಿಗೆ ಬಿಳಿ ಬಟ್ಟೆ ಹಿಡಿದು ನೋಡಿದೆ. ಬಟ್ಟೆಯ ಮೇಲೆ ಹನಿಯಿಲ್ಲ. ಒಬ್ಬನೇ ಆ ದಡದಲ್ಲಿ ನಿಂತು ನಕ್ಕೆ. ಓದಿ ಆಫೀಸಿನಲ್ಲಿ ಕೂತಿದ್ದರೆ ಈ ಖುಷಿ ನನಗೆ ಸಿಗುತ್ತಿತ್ತೋ ಇಲ್ಲವೋ, ಸಿಕ್ಕಿದ್ದಕ್ಕಂತೂ ನಾನು ಋಣಿ.

ಹುಡುಗಿ ಬಂದಾಗ, "ಎಣ್ಣೆ ಜಾಸ್ತಿ ಆಗಿತ್ತು ಕಣವ್ವ, ಇಳಿಸಿದ್ದೀನಿ. ಇಂಜಿನ್ ಬಿಚ್ಚಿಲ್ಲ" ಎಂದೆ. ಅವಳು ಕುಣಿದದ್ದು ನೋಡಿ ನನ್ನ ಹೆಂಡತಿಯೂ ಕೈ ತಟ್ಟಿದಳು. ಆಮೇಲೆ ಹುಡುಗಿಗೆ ಸಿಟ್ಟು ಬಂತು.

"ಆ ಮಂಡ್ಯದೋನೇ ತುಂಬುಸ್ಬುಟ್ಟವ್ನೆ! ಈಗ್ಲೇ ಓಗಿ ಕೇಳ್ತೀನಿ."

"ಅವನಲ್ಲ ಕಣವ್ವ."

"ಮತ್ಯಾರು?"

ನಾನು ಪಕ್ಕದ ಗಾಡಿಯ ಕೆಳಗೆ ತಲೆ ತೂರಿಸಿ ಏನನ್ನೋ ಹುಡುಕತೊಡಗಿದೆ. ಅಲ್ಲಿ ಹುಡುಕುವಂಥದ್ದೇನೂ ಇರಲಿಲ್ಲ.

ಭಾನುವಾರ ನಿಡಘಟ್ಟದಾಚೆ ರಾಗಿ ಕೊಯ್ದ ಹೊಲದಲ್ಲಿ ಗುಡ್ಡೆ ಗುಂಡಿ ಮಾಡಿ ದಾರಿ ಕಟ್ಟಿದ್ದರು. ನಾನು, ಹೆಂಡತಿ, ಅತ್ತೆ ಮೂವರೂ ಹೋದೆವು. ಅತ್ತೆ ಬಂದದ್ದು ಮಗಳಿಗೇ ಆಶ್ಚರ್ಯ. "ಕೈಕಾಲು ಮುರ್ದ್ರೆ ಎತ್ಕಂಡು ಓಗೋಕೆ ಬಂದಿವ್ನಿ" ಎಂದಳು ತಾಯಿ. ಚೆಕ್ ಮಾಡುವವರ ಸರದಿಯಲ್ಲಿ ನಮ್ಮ ಮುಂದೆ ಹೊಗೆ ಬಿಡುತ್ತಿದ್ದ ಎರಡು ಗಾಡಿ ಹಿಂದಕ್ಕೆ ಹೋದವು. ಅವನಲ್ಲ ಎಂದ ನನ್ನ ಮಾತನ್ನು ನಂಬದ ಹುಡುಗಿ ಗಾಬರಿಯಲ್ಲಿ ಪಕ್ಕದವನ ಹತ್ತಿರ ಒಂದೇ ಸಮನೆ ಮಾತಾಡುತ್ತಿದ್ದಳು. ಮಂಡ್ಯದ ಮೆಕ್ಯಾನಿಕ್ಕನ ಮನೆ ಹಾಳಾಗ, ಎಣ್ಣೆ ಹಾಕೋಕೂ ಬರಾಕಿಲ್ಲ, ನನ್ನ ಗಾಡಿನೇ ಕೊಂದಾಕ್ತಿದ್ದ ಎಂದು.

ಅತ್ತೆ ಒಂದೆರಡು ಸಲ ಗಂಟಲು ಸರಿಮಾಡಿಕೊಂಡಳು. ನನ್ನ ಕಡೆ ನೋಡಿದಳು. ನಾನು ಆಕಾಶ ನೋಡಿದೆ.

"ಸುಮ್ಕಿರೇ" ಎಂದಳು ಕೊನೆಗೆ. "ಏನೂ ಮಾಡ್ದೇ ಇರೋನ್ನ ಯಾಕ್ ಬಯ್ತೀಯ?"

"ಮತ್ಯಾರವ್ವ ಮಾಡ್ದೋರು?"

"ಗಾಡಿನ ನೆಟ್ಟಗ್ ಇಡ್ಕೊ."

"ಯಾಕೆ?"

"ಇಡ್ಕೊ ಅಂದ್ನಲ್ಲ. ವಾಲುಸ್ಬ್ಯಾಡ."

ಹುಡುಗಿ ಹ್ಯಾಂಡಲ್ ಹಿಡಿದು ಗಾಡಿಯನ್ನು ನೆಟ್ಟಗೆ ನಿಲ್ಲಿಸಿದಳು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ರಾಗಿ ಕೂಳೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಇಂಜಿನ್ನಿನ ಗಾಜಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿ ಒಂದು ಕಣ್ಣು ಮುಚ್ಚಿ ನೋಡಿದಳು.

"ಅರ್ಧಕ್ಕದೆ. ಸರಿಯಾಗದೆ."

ಹುಡುಗಿ ಸೀಟಿನ ಮೇಲಿನಿಂದ ತಾಯಿಯ ನೆತ್ತಿಯನ್ನೇ ನೋಡುತ್ತಿದ್ದಳು. ಆ ಗಾಜು ಎಲ್ಲಿದೆ ಎಂದು ಅವ್ವನಿಗೆ ಹೇಗೆ ಗೊತ್ತು ಎನ್ನುವುದು ಅವಳ ತಲೆಯೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಅವ್ವಾ... ನೀನಾ?"

"ನಾನಲ್ದೇ ಇನ್ಯಾರು? ನಿಮ್ಮಪ್ಪ ಬಂದು ಉಯ್ದನಾ? ಅಲ್ಲಾಡುಸ್ಬ್ಯಾಡ, ಸರ್ಯಾಗ್ ಇಡ್ಕೊ ಗಾಡಿನ."

ಹುಡುಗಿ ಅಲ್ಲಾಡಿಸಲಿಲ್ಲ. ಎರಡೂ ಕೈ ಹ್ಯಾಂಡಲಿನ ಮೇಲಿದ್ದುದರಿಂದ ಕಣ್ಣೊರೆಸಿಕೊಳ್ಳಲಿಕ್ಕೂ ಆಗಲಿಲ್ಲ. ಮೂಗು ಮಾತ್ರ ಸೊರ್ ಎಂದು ಎಳೆದುಕೊಂಡಳು. "ಇನ್ಮೇಲೆ ನನ್ನ ಎಬ್ಬುಸು" ಎಂದಳು. "ನಾನ್ ಇಡ್ಕತೀನಿ, ನೀನ್ ನೋಡು." ತಾಯಿ ಮಂಡಿ ಹಿಡಿದು ಎದ್ದಳು.

ರೇಸಿನಲ್ಲಿ ಹುಡುಗಿ ಒಂದು ತಿರುವಿನಲ್ಲಿ ಬಿದ್ದಳು. ನನ್ನ ಹೆಂಡತಿ ಚೀರಿದಳು. ಬಿದ್ದವಳು ಎದ್ದು, ಮತ್ತೆ ಹತ್ತಿ, ಮುಗಿಸಿದಳು. ಮೊದಲನೆಯವಳಲ್ಲ, ಕೊನೆಯವಳೂ ಅಲ್ಲ. ನಾನು ನನ್ನ ಜೀವನದಲ್ಲಿ ಎಷ್ಟೋ ಗಾಡಿ ರಿಪೇರಿ ಮಾಡಿದ್ದೇನೆ, ಹೊಗಳಿಕೆಯನ್ನೂ ಕೇಳಿದ್ದೇನೆ. ಆದರೆ ಆ ಹೊಲದ ಬದುವಿನ ಮೇಲೆ ಆ ಇಬ್ಬರ ಪಕ್ಕ ನಿಲ್ಲುವ ಪುಣ್ಯ ಕೊಟ್ಟಿದ್ದು ನನ್ನ ಕೈಯ ಈ ಕೆಲಸವೇ. ಅದನ್ನು ಕಲಿಸಿದವರಿಗೆ, ನನ್ನನ್ನು ನಂಬಿ ಗಾಡಿ ತಂದವರಿಗೆ ನಾನು ಬೇರೆ ಯಾವ ರೀತಿಯಲ್ಲಿ ನಮಸ್ಕಾರ ಹೇಳಲಿ?

ಅತ್ತೆ ಮಾತ್ರ ಮಗಳನ್ನು ನೋಡಲೇ ಇಲ್ಲ. ಗಾಡಿ ನಮ್ಮ ಮುಂದೆ ಹಾದಾಗಲೆಲ್ಲ ಅವಳ ಕಣ್ಣು ಸೈಲೆನ್ಸರಿನ ತುದಿಯ ಮೇಲಿತ್ತು. ಕೊನೆಯ ಸುತ್ತಿನಲ್ಲಿ ಗಾಡಿಯ ಹಿಂದೆ ದೊಡ್ಡದೊಂದು ಮೋಡ ಎದ್ದಿತು. ಅವಳು ನನ್ನ ತೋಳು ಹಿಡಿದು ಎಳೆದಳು.

"ಅಳಿಮಯ್ಯ, ಅದೇನದು, ಒಗೆಯಾ?"

"ಇಲ್ಲ ಅತ್ತೆ, ಧೂಳು" ಎಂದೆ.